ನಾಲಿಗೆ ಬಿಟ್ಟು ಮಡಿಸಿದ ಹೊದಿಕೆ

ನನ್ನ ಓರಗಿತ್ತಿಗೆ ಕೆಲಸದ ಜಾಗದಲ್ಲಿ ಇಸ್ತ್ರಿಯಕ್ಕ ಎಂಬ ಹೆಸರು ಬಿದ್ದಿತ್ತು. ಅವಳು ಇಸ್ತ್ರಿ ಮಾಡುವವಳಲ್ಲ. ಬಂದಿಳಿದ ವಿಮಾನದ ಒಳಗನ್ನು ಗುಡಿಸಿ, ಒರೆಸಿ, ಮುಂದಿನ ಪ್ರಯಾಣಕ್ಕೆ ಅಣಿ ಮಾಡುವ ಹೆಂಗಸರ ಗುಂಪಿನಲ್ಲಿ ಒಬ್ಬಳು. ಆದರೆ ಅವಳ ಅಂಗೈ ಒಮ್ಮೆ ಹಾದುಹೋದ ಬಟ್ಟೆಯ ಮೇಲೆ ಸುಕ್ಕು ನಿಲ್ಲುತ್ತಿರಲಿಲ್ಲ. "ಈಯಮ್ಮನ ಕೈಗೆ ಕರೆಂಟೂ ಬೇಡ, ಕೆಂಡಾನೂ ಬೇಡ. ಮುಖದ ಸುಕ್ಕು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೋಗುತ್ತೆ" ಎಂದು ಗುಂಪಿನ ಮೇಸ್ತ್ರಿ ನಗಾಡಿ ಈ ಹೆಸರಿಟ್ಟ. ಅವಳು ನಗಲಿಲ್ಲ, ಹಾಗೆ ಕರೆಯಬೇಡ ಎನ್ನಲೂ ಇಲ್ಲ. ಬೇಡ ಎನ್ನುವುದು ಅವಳಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ.

ನಾನು ಅಣ್ಣನ ಹೆಂಡತಿ, ಅವಳು ತಮ್ಮನ ಹೆಂಡತಿ. ಒಂದೇ ಸೂರಿನ ಕೆಳಗೆ ಒಂದರ ಪಕ್ಕ ಒಂದು ಕೋಣೆ, ಇಬ್ಬರಿಗೂ ಸೇರಿ ಒಂದು ಅಡುಗೆಮನೆ. ಓರಗಿತ್ತಿಯರೆಂದರೆ ಎರಡು ಜಡೆ, ಸೇರುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಜಗಳವಾಗಲಿಲ್ಲ. ಜಗಳಕ್ಕೆ ಇಬ್ಬರು ಬೇಕು, ಅವಳು ಬಾಯಿ ತೆರೆದರೆ ತಾನೆ. ನನ್ನ ಯಜಮಾನರು ಮೊದಲೇ ಹೋದರು. ನಾನು ನಿಲ್ದಾಣದ ಬೇಲಿಗೆ ಅಂಟಿಕೊಂಡ ದೋಬಿಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಬೇರೆ ಬೇರೆ ಕಂಪನಿಯ ವಿಮಾನಗಳಿಂದ ಇಳಿಸಿದ ಹೊದಿಕೆ, ದಿಂಬಿನ ಚೀಲ, ಟವೆಲು ಎಲ್ಲವೂ ದೊಡ್ಡ ಮೂಟೆಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ವಾಪಸು ಕಳಿಸಬೇಕು. ಎಲ್ಲ ಕಂಪನಿಯವರದ್ದೂ ಅದೇ ನಾಲ್ಕು ಮಡಿಕೆ. ಇದನ್ನು ಈಗಲೇ ಹೇಳಿಬಿಟ್ಟರೆ ಮುಂದಿನದು ತಿಳಿಯುತ್ತದೆ.

ನನ್ನ ಮೈದುನ ಬಡಗಿ. ಒಳ್ಳೆಯ ಕೆಲಸಗಾರ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊರವರಿಗೆಲ್ಲ ಅಗಲವಾದ ಕಪಾಟು ಮಾಡಿಕೊಟ್ಟು ತನ್ನ ಮನೆಗೆ ಉಳಿದ ಚೂರು ಹಲಗೆ ತಂದ. ಮಗಳ ಮಂಚದ ಮೇಲಿನ ಗೋಡೆಗೆ ಅದನ್ನೇ ಬಡಿದು ಹಲಗೆಗೂಡು ಎಂದ. ಗೇಣಗಲವೂ ಇರಲಿಲ್ಲ. ಅದರ ಮೇಲೆ ಇಟ್ಟ ಹೊದಿಕೆ ಬೆಳಗಾಗುವುದರೊಳಗೆ ಮಲಗಿದ್ದ ಮಗುವಿನ ಮೂತಿಯ ಮೇಲೆ ಬಿದ್ದಿರುತ್ತಿತ್ತು. ಬೇರೆ ಹೆಂಗಸಾಗಿದ್ದರೆ ಇನ್ನೊಂದು ಹಲಗೆ ಹೊಡಿ ಎಂದು ಗಂಡನ ಬೆನ್ನು ಬೀಳುತ್ತಿದ್ದಳು. ಇವಳು ಮಡಿಸುವುದನ್ನೇ ಬದಲಾಯಿಸಿದಳು. ಹೊದಿಕೆಯನ್ನು ಉದ್ದಕ್ಕೆ ಮೂರು ಪಾಲು ಮಾಡಿ, ಎರಡು ತುದಿಯಿಂದಲೂ ನಡುವಿಗೆ ಸುರುಳಿ ಸುತ್ತಿ, ಒಂದು ಸುರುಳಿಯನ್ನು ಇನ್ನೊಂದರ ಬಾಯೊಳಗೆ ತೂರಿಸುವುದು. ಕೈಚೀಲದ ಹಾಗೆ ಬಿಗಿಯಾಗಿ ಕೂರುತ್ತದೆ, ಎಸೆದರೂ ಬಿಚ್ಚುವುದಿಲ್ಲ. ಒಂದು ಮೂಲೆಯನ್ನು ಮಾತ್ರ ನಾಲಿಗೆಯ ಹಾಗೆ ಹೊರಗೆ ಬಿಡುತ್ತಿದ್ದಳು. ಮಂಚದ ಮೇಲೆ ನಿಂತ ಮಗು ಆ ನಾಲಿಗೆ ಹಿಡಿದು ಎಳೆದರೆ ಸಾಕು, ಹೊದಿಕೆ ತಾನಾಗಿ ಕೆಳಗಿಳಿದು ಬಿಚ್ಚಿಕೊಳ್ಳುತ್ತಿತ್ತು.

ಮಗು ಹುಟ್ಟುವಾಗ ಚೋಟುದ್ದ ಇತ್ತೆಂದು ಚೋಟಿ ಎಂದೆವು. ಆಮೇಲೆ ಅಪ್ಪನನ್ನೂ ಮೀರಿಸಿ ಬೆಳೆದಳು, ಹೆಸರು ಹೋಗಲಿಲ್ಲ. ಐದು ತುಂಬುವ ಮೊದಲೇ ಆ ಮಡಿಕೆ ಕಲಿತಿದ್ದಳು. "ದೊಡ್ಡಮ್ಮ, ನೋಡು, ಹೊದಿಕೆ ನಿನ್ನ ಅಣಕಿಸ್ತಿದೆ" ಎಂದು ಆ ನಾಲಿಗೆಯನ್ನು ನನ್ನ ಕಡೆ ತಿರುಗಿಸಿ ಇಡುತ್ತಿದ್ದಳು.

ಅವಳು ದೊಡ್ಡವಳಾಗಿ ಓದು ಮುಗಿಸಿದ ಮೇಲೆ ದೂರದೇಶದ ಒಂದು ವಿಮಾನ ಕಂಪನಿಯವರು ಗಗನಸಖಿಯ ಕೆಲಸಕ್ಕೆ ಆರಿಸಿಕೊಂಡರು. ಅಲ್ಲೇ ಹೋಗಿ ಇರಬೇಕು. ಮೈದುನ ಹಾರಾಡಿದ. "ಊರವರಿಗೆ ನೀರು ಕೊಡೋಕೆ ಆಕಾಶಕ್ಕೆ ಹೋಗ್ಬೇಕಾ? ನೆಲದ ಮೇಲೆ ಬಾಯಾರಿದೋರು ಸಿಗ್ಲಿಲ್ವಾ?" ಎಂದ. ಅವಳೂ ಅಪ್ಪನ ಮಗಳೇ. "ಸಿಕ್ರು, ಒಬ್ರೂ ಕುಡಿದು ಲೋಟ ವಾಪಸ್ ಕೊಡ್ಲಿಲ್ಲ" ಎಂದಳು. ಮಾತಿಗೆ ಮಾತು ಬೆಳೆಯಿತು. ಹೊರಡುವ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಅವನು, "ಹೋಗು. ಈ ಹೊಸ್ತಿಲಿಗೆ ಮತ್ತೆ ಕಾಲಿಡ್ಬೇಡ" ಎಂದ.

ಚೋಟಿ ಅವನ ಕಡೆ ನೋಡಲಿಲ್ಲ. ಅಡುಗೆಮನೆಯ ಕಡೆ ನೋಡಿ, "ಅಮ್ಮ, ನೀನೂ ಏನಾದ್ರೂ ಹೇಳು" ಎಂದಳು.

ನನ್ನ ಓರಗಿತ್ತಿ ಒಲೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದಳು. ತಿರುಗಲಿಲ್ಲ. ನಾನು ಪಕ್ಕದಲ್ಲೇ ಇದ್ದವಳು ಸೊಂಟಕ್ಕೆ ತಿವಿದೆ. ಬಾಯಿ ಬಿಡಲಿಲ್ಲ. ಅನ್ಯರು ಮನೆಯಿಂದ ಹೊರಟರೂ ಹೋಗಿ ಬನ್ನಿ ಎನ್ನುತ್ತೇವೆ. ಹೆತ್ತ ಮಗಳಿಗೆ ಅಪ್ಪ ಹೋಗು ಎಂದ, ಅಮ್ಮ ಬಾ ಎನ್ನಲಿಲ್ಲ. ಚೋಟಿ ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿ, "ಆಯ್ತು" ಎಂದಳು. ಪೆಟ್ಟಿಗೆಯ ಗಾಲಿ ಬೀದಿಯ ಕಲ್ಲಿನ ಮೇಲೆ ಕಟಕಟ ಎನ್ನುತ್ತಾ ಸೈಕಲ್ ಅಂಗಡಿಯ ತಿರುವಿನವರೆಗೆ ಕೇಳಿಸಿತು.

ಮಾತು ಆಡಿದರೆ ಹೋಯಿತು ಎಂದು ಗಾದೆ ಮಾಡಿದವರು ಆಡದೆ ಬಿಟ್ಟ ಮಾತಿನ ಲೆಕ್ಕ ಹಿಡಿದಿಲ್ಲ. ಅದೂ ಹೋಗುತ್ತದೆ.

ಆಮೇಲೆ ಅವಳ ಫೋನು ಬರಲಿಲ್ಲ, ನಮ್ಮ ಹತ್ತಿರ ಇದ್ದ ನಂಬರು ಸತ್ತುಹೋಯಿತು. ಎರಡು ವರ್ಷಕ್ಕೆ ಮೈದುನ ಎದೆನೋವು ಬಂದು ತೀರಿಕೊಂಡ. ಪರಿಚಯದವರ ಕೈಯಲ್ಲಿ ಆ ಕಂಪನಿಯ ಕಚೇರಿಗೆ ಫೋನು ಮಾಡಿಸಿದೆವು. "ತಿಳಿಸುತ್ತೇವೆ" ಎಂದರಂತೆ. ಯಾರೂ ಬರಲಿಲ್ಲ. ಅವಳಿಗೆ ತಿಳಿಯಿತೋ ಇಲ್ಲವೋ, ನಮಗೆ ತಿಳಿಯಲಿಲ್ಲ.

ಅದಾದ ವರ್ಷದ ಚಳಿಗಾಲಕ್ಕೆ ಅದೇ ಕಂಪನಿಯ ದೊಡ್ಡ ವಿಮಾನ ನಮ್ಮ ನಿಲ್ದಾಣಕ್ಕೆ ಬರತೊಡಗಿತು. ದೋಬಿಖಾನೆಯಲ್ಲಿ ಮೂಟೆಯ ಮೇಲಿನ ಗುರುತು ನೋಡಿ ನಾನೇ ಮನೆಗೆ ಬಂದು ಹೇಳಿದೆ. ಹಿಟ್ಟು ಕಲೆಸುತ್ತಿದ್ದವಳು ಕೈ ತೊಳೆದುಕೊಂಡು, "ಅಲ್ಲಿ ಕೆಲ್ಸಕ್ಕೆ ಯಾರನ್ನ ಕೇಳ್ಬೇಕು, ಅಕ್ಕ?" ಎಂದಳು. ಮದುವೆಯಾಗಿ ಬಂದ ದಿನದಿಂದ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೇಸ್ತ್ರಿ ಅವಳನ್ನು ಸೇರಿಸಿಕೊಂಡ. ಬಾಯಿ ಬಡಾಯಿ, ಮನಸ್ಸು ಕೆಟ್ಟದ್ದಲ್ಲ. ಹೊಸಬರಿಗೆಲ್ಲ ಅವನು ಒಂದು ಪಾಠ ಒಪ್ಪಿಸುತ್ತಿದ್ದ. ನಾನು ಮೂಟೆ ತರಲು ಹೋದಾಗಲೂ ಕೇಳಿದ್ದೇನೆ.

"ದೊಡ್ಡ ವಿಮಾನ ಅಂದ್ರೆ ವಠಾರದಲ್ಲಿರೋ ಒಂದೇ ಒಂದು ದೊಡ್ಡ ಪಾತ್ರೆ ಇದ್ದ ಹಾಗೆ. ಯಾರ ಮನೇಲಿ ನೆಂಟ್ರು ತುಂಬಿದಾರೋ ಅವರಿಗೆ ಕೊಡೋದು. ಅರ್ಧ ಪಾತ್ರೆ ಅಡುಗೆ ಮಾಡಿದ್ರೆ ಸೌದೆ ದಂಡ, ಅರ್ಧ ಖಾಲಿ ಹಾರಿದ್ರೆ ಎಣ್ಣೆ ದಂಡ. ಅವರ ದೇಶದಲ್ಲಿ ಹಿಮ ಬೀಳೋವಾಗ ಜನ ಬಿಸಿಲು ಹುಡುಕ್ಕೊಂಡು ನಮ್ಮ ಕಡೆ ಓಡಿ ಬರ್ತಾರೆ, ಆಗ ಪಾತ್ರೆ ಇಲ್ಲಿ. ಇಲ್ಲಿ ಸೆಖೆ ಶುರುವಾಯ್ತು ಅಂದ್ರೆ ಯಾರು ಬರ್ತಾರೆ? ಆಗ ಅದು ಬೆಟ್ಟ, ಸರೋವರ ಇರೋ ಕಡೆಗೆ. ನಮಗೆ ಸಣ್ಣದು, ನಡುವೆ ಒಂದು ಕಡೆ ಇಳಿದು ಬರೋದು. ಕಂಪನಿ ಹತ್ರ ಇಂಥ ದೊಡ್ಡವು ಕೆಲವೇ. ಒಂದು ಇಲ್ಲಿ, ಒಂದು ದ್ವೀಪಗಳ ಕಡೆ, ಹೀಗೆ ಋತು ನೋಡಿ ತಿರುಗಿಸ್ತಾನೇ ಇರ್ತಾರೆ."

"ಒಳಗೆ ಕೆಲ್ಸ ಮಾಡೋ ಹುಡುಗೀರು?" ಎಂದು ಇವಳು ಕೇಳಿದಳು.

"ದೊಡ್ಡ ವಿಮಾನಕ್ಕೆ ಕಲಿತೋರು ದೊಡ್ಡದರ ಜೊತೇನೇ ತಿರುಗ್ತಾರೆ. ನಮ್ಮ ಭಾಷೆ ಬಲ್ಲೋರು ಒಬ್ಬಿಬ್ರನ್ನ ಈ ಕಡೆ ಹಾಕ್ತಾರೆ. ಅಜ್ಜಿಯಂದಿರಿಗೆ ಬೆಲ್ಟು ಕಟ್ಕೊಳ್ಳಿ ಅಂತ ಹೇಳೋಕೆ ಬೇಡ್ವಾ?"

ಅಷ್ಟು ಸಾಕಾಯಿತು ಅವಳಿಗೆ. ಭಾಷೆ ಬಲ್ಲವಳು, ಆ ಕಂಪನಿಯವಳು. ಇಲ್ಲಿಗೆ ಬರದೆ ಇನ್ನೆಲ್ಲಿಗೆ ಹೋದಾಳು?

ಆದರೆ ನೋಡುವುದು ಸುಲಭವಿರಲಿಲ್ಲ. ವಿಮಾನ ಬೆಳಿಗ್ಗೆ ಇಳಿಯುತ್ತದೆ. ಪ್ರಯಾಣಿಕರು ಹೋದ ಮೇಲೆ ಒಳಗಿನ ಸಿಬ್ಬಂದಿ ಮುಂದಿನ ಏಣಿಯಿಂದ ಇಳಿದು ಬಸ್ಸು ಹತ್ತುತ್ತಾರೆ. ಅವರ ಕೊನೆಯವರು ಹೋಗುವವರೆಗೂ ಸ್ವಚ್ಛ ಮಾಡುವವರು ಹಿಂದೆ, ಬಾಲದ ಕೆಳಗೆ, ಹಳದಿ ಗೆರೆಯ ಈಚೆ ಪೊರಕೆ ಹಿಡಿದು ನಿಂತಿರಬೇಕು. ಗೆರೆ ದಾಟುವಂತಿಲ್ಲ, ಸಿಬ್ಬಂದಿಯನ್ನು ಮಾತಾಡಿಸುವಂತಿಲ್ಲ. ಅಲ್ಲಿಂದ ವಿಮಾನದ ಹೊಟ್ಟೆಯ ಅಡಿಗೆ ಕಾಣುವುದು ಕಾಲುಗಳು ಮಾತ್ರ. ಒಂದೇ ಬಣ್ಣದ ಚಪ್ಪಲಿ, ಒಂದೇ ಥರದ ಕರಿ ಚೀಲ. ಅವಳು ಸಂಜೆ ಬಂದು, "ಇವತ್ತು ಉದ್ದ ಕಾಲಿನವಳು ಒಬ್ಳಿದ್ಲು, ಅಕ್ಕ" ಎನ್ನುತ್ತಿದ್ದಳು. ನಾನು, "ಮಗಳ ಮುಖ ಮರೆತು ಮೊಣಕಾಲು ನೆನಪಿಟ್ಕೊಂಡಿದ್ದೀಯಾ?" ಎಂದು ರೇಗಿಸುತ್ತಿದ್ದೆ.

ಆ ವಿಮಾನದ ಹಿಂಭಾಗದಲ್ಲಿ ಒಂದು ಅಟ್ಟವಿದೆ. ದೂರದ ಹಾರಾಟದಲ್ಲಿ ಸಿಬ್ಬಂದಿ ಸರದಿಯ ಮೇಲೆ ಮಲಗಲು. ಕಡಿದಾದ ಮೆಟ್ಟಿಲು, ತಲೆ ಎತ್ತಲಾಗದ ಸೂರು, ಸಾಲಾಗಿ ಹಾಸಿಗೆ, ಒಂದೊಂದಕ್ಕೂ ಪರದೆ. ಗುಂಪಿನ ಉಳಿದವರು ಮೈ ತುಂಬಿದವರು, ಇವಳು ಕಡ್ಡಿ. ಅಟ್ಟ ಇವಳ ಪಾಲಿಗೆ ಬಂತು.

ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೇ ಒಂದು ಬೆಳಿಗ್ಗೆ ಅವಳು ಮೂಟೆಯನ್ನು ಗಾಡಿಯವನ ಕೈಗೆ ಕೊಡದೆ ತಾನೇ ಎದೆಗೆ ಅವುಚಿಕೊಂಡು ದೋಬಿಖಾನೆಗೆ ಬಂದಳು. ಏದುಸಿರು. ಮೂಟೆಯ ಬಾಯಿ ಬಿಚ್ಚಿ, "ಮುಟ್ಬೇಡ, ಬರೀ ನೋಡು" ಎಂದಳು. ಮುದುಡಿದ ಹೊದಿಕೆಗಳ ಮೇಲೆ ಒಂದು ಹೊದಿಕೆ, ಮೂರು ಪಾಲು, ಸುರುಳಿಯೊಳಗೆ ಸುರುಳಿ. ಹೊರಗೆ ಚಾಚಿದ ನಾಲಿಗೆ.

"ಎಲ್ಲಿತ್ತು?"

"ಅಟ್ಟದಲ್ಲಿ, ಕೊನೇ ಹಾಸಿಗೆ ಮೇಲೆ."

ಎಷ್ಟು ಕಂಪನಿಗಳ ಹೊದಿಕೆ ನನ್ನ ಕೈ ದಾಟಿದೆಯೋ. ಬಳಸಿದ ಹೊದಿಕೆ ಉಂಡೆಯಾಗಿ ಬರುತ್ತದೆ, ಹೆಚ್ಚೆಂದರೆ ಯಾರೋ ಸಭ್ಯರು ಎರಡು ಮಡಿಕೆ ಮಾಡಿರುತ್ತಾರೆ. ಗೇಣಗಲದ ಹಲಗೆಗೆ ಹುಟ್ಟಿದ ಮಡಿಕೆ ಇದು, ಭೂಮಿಯ ಮೇಲೆ ಇನ್ನೊಂದು ಮನೆಯಲ್ಲಿ ಇರಲು ಕಾರಣವೇ ಇಲ್ಲ. "ಅವಳೇ" ಎಂದೆ ನಾನು. ಅವಳು ಆ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದಳು, ಎಳೆಯಲಿಲ್ಲ. ಕೊನೆಗೆ ನಾನೇ ಅದನ್ನು ಬಿಚ್ಚಿ ಯಂತ್ರಕ್ಕೆ ಹಾಕಬೇಕಾಯಿತು. ಅವಳು ಬೆನ್ನು ತಿರುಗಿಸಿಕೊಂಡಳು.

ಒಗೆದ ಹೊದಿಕೆಯನ್ನು ಮುಚ್ಚಿದ ಚೀಲದಲ್ಲೇ ಇಡಬೇಕು ಎಂಬುದು ನಿಯಮ. ಅವಳು ಒಂದನ್ನು ಚೀಲದಿಂದ ತೆಗೆದು ನಮ್ಮ ಮನೆಯ ಮಡಿಕೆ ಮಾಡಿ ಆ ಕೊನೆಯ ಹಾಸಿಗೆಯ ಮೇಲೆ ಇಟ್ಟಳು. ಮೇಸ್ತ್ರಿ ತಪಾಸಣೆಗೆ ತಲೆ ತೂರಿಸಿ, "ಇದೇನಮ್ಮ ಇಸ್ತ್ರಿಯಕ್ಕ, ಹೊದಿಕೆ ನಾಲಿಗೆ ಚಾಚಿದೆ? ಯಾರಿಗೆ ಅಣಕ, ನನಗಾ ಕಂಪನಿಗಾ?" ಎಂದನಂತೆ. "ನಿಮಗಲ್ಲ" ಎಂದಳಂತೆ ಇವಳು. ಅವನಿಗೆ ನಗು ಬಂತು, ಬಿಟ್ಟ.

ಮುಂದಿನ ವಾರ ಅದೇ ಹಾಸಿಗೆ, ಅದೇ ಮಡಿಕೆ, ಸುರುಳಿಯ ನಡುವೆ ಒಂದು ಪುಟ್ಟ ಸೋಪು. ವಿಮಾನದ ಬಚ್ಚಲಲ್ಲಿ ಇಡುವಂಥದ್ದು, ಹೊಸದು, ಕಾಗದ ಬಿಚ್ಚಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಅದನ್ನು ಮನೆಗೆ ತಂದು ಮಗಳ ಹಲಗೆಗೂಡಿನ ಮೇಲೆ ಇಟ್ಟಳು.

"ಮಾತಾಡ್ಸೋಕೆ ಯಾರ ಹತ್ರಾನಾದ್ರೂ ಹೇಳಿ ಕಳ್ಸೇ" ಎಂದೆ.

"ಬೇಡ, ಅಕ್ಕ. ಅವಳಿಗೆ ಯಾವಾಗ ಬರ್ಬೇಕು ಅನ್ಸುತ್ತೋ ಆಗ ಬರ್ತಾಳೆ. ಅವತ್ತು ನಾನು ತಿರುಗ್ಲಿಲ್ಲ. ಈಗ ಅವಳು ತಿರುಗೋವರೆಗೂ ನಾನು ಕಾಯ್ಬೇಕು."

"ತಿರುಗಿದ್ರೆ ಏನ್ ಹೇಳ್ತೀಯಾ?"

"ಹೋಗಿ ಬಾ ಅಂತೀನಿ."

"ಬಂದೋಳಿಗೆ ಹೋಗಿ ಬಾ ಅಂತಾರೇನೇ, ಹುಚ್ಚಿ?"

"ಅದನ್ನ ಹೇಳಿದ್ಮೇಲೇನೇ ಬೇರೆ ಮಾತು" ಎಂದಳು.

ಚಳಿಗಾಲ ಕಳೆಯುವುದರೊಳಗೆ ಹಲಗೆಯ ಮೇಲೆ ಸೋಪುಗಳು ಸಾಲು ಕಟ್ಟಿದವು. ನನ್ನ ಓರಗಿತ್ತಿಯೂ ಒಂದು ಸಲ ಮಡಿಕೆಯೊಳಗೆ ಚೋಟಿಯ ಶಾಲೆಯ ರಿಬ್ಬನ್ ಇಟ್ಟು ಕಳಿಸಿದಳು. ಕೆಂಪು ರಿಬ್ಬನ್, ಒಂದು ಅಂಚಿನಲ್ಲಿ ಹರಿದದ್ದನ್ನು ಅವಳೇ ಬಿಳಿ ನೂಲಿನಲ್ಲಿ ಹೊಲಿದು ಮುಚ್ಚಿದ್ದಳು. ವಾಪಸು ಬರಲಿಲ್ಲ. ಮಗಳು ಇಟ್ಟುಕೊಂಡಳು ಎಂದು ಖುಷಿಪಟ್ಟೆವು. ಆ ರಾತ್ರಿ ಅವಳು ಎರಡು ತುತ್ತು ಹೆಚ್ಚು ಉಂಡಳು.

ಸೆಖೆ ಶುರುವಾಯಿತು. ದೊಡ್ಡ ವಿಮಾನವನ್ನು ಬೆಟ್ಟದ ಕಡೆಗೆ ತಿರುಗಿಸಿದರು. ಸಣ್ಣದರಲ್ಲಿ ಅಟ್ಟವಿಲ್ಲ, ನಡುದಾರಿಯಲ್ಲೇ ಸಿಬ್ಬಂದಿ ಬದಲಾಗುತ್ತಾರೆ. ಗುಂಪಿನ ಅರ್ಧ ಜನಕ್ಕೆ ಕೆಲಸವಿಲ್ಲವೆಂದರು. ಇವಳನ್ನು ನಿಲ್ದಾಣದ ಪಾಯಿಖಾನೆ ತೊಳೆಯಲು ಹಾಕಿದರು. ಸೇರದಿದ್ದರೆ ಚಳಿಗಾಲಕ್ಕೆ ಮತ್ತೆ ತೆಗೆದುಕೊಳ್ಳುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಸೇರಿದಳು. ಔಷಧಿ ನೀರಿಗೆ ಬೆರಳ ಸಂದಿ ಬಿರಿದು ರಕ್ತ ಒಸರುತ್ತಿತ್ತು. "ಅಷ್ಟೊಂದು ಸೋಪು ಇದೆ, ಒಂದು ತೆಗೆದು ಕೈ ತೊಳ್ಕೊಳ್ಳೇ" ಎಂದರೆ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಮಳೆ ಬಂತು, ಹೋಯಿತು. ಎಲ್ಲರೂ ಬಿಸಿಲು ಯಾವಾಗ ಇಳಿಯುತ್ತದೋ ಎಂದು ಬಯ್ಯುತ್ತಿದ್ದರೆ ಇವಳೊಬ್ಬಳು ದೂರದ ಯಾವುದೋ ದೇಶದಲ್ಲಿ ಹಿಮ ಬಿದ್ದಿತಾ ಎಂದು ಕೇಳುತ್ತಿದ್ದಳು. ಅಂಗಡಿಯ ಟೀವಿಯಲ್ಲಿ ಹಿಮ ತೋರಿಸಿದ ದಿನ ಓಡಿ ಬಂದು, "ಅಕ್ಕ, ಬಿತ್ತು!" ಎಂದಳು, ಲಾಟರಿ ಬಿದ್ದವರ ಹಾಗೆ.

ದೊಡ್ಡ ವಿಮಾನ ಮತ್ತೆ ಬಂತು. ಮೊದಲ ಹಾರಾಟದಲ್ಲೇ ಕೊನೆಯ ಹಾಸಿಗೆಯ ಮೇಲೆ ಆ ಮಡಿಕೆ ಇತ್ತು. ನಮ್ಮ ಮನೆಯಲ್ಲಿ ಅಂದಿನಷ್ಟು ಮಾತು ಎಂದೂ ಆಗಿರಲಿಲ್ಲ. ಇವಳು ಮಾತಾಡಿದಳು, ನಾನು ಕೇಳಿದೆ.

ಅದು ನಡೆದದ್ದು ಅದಾಗಿ ಒಂದು ತಿಂಗಳಿಗೆ. ನಾನು ಅಲ್ಲಿರಲಿಲ್ಲ. ಮೇಸ್ತ್ರಿ ಹೇಳಿದ್ದನ್ನೂ ಅವಳು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಂದಿನಂತೆ ಹಳದಿ ಗೆರೆಯ ಈಚೆ ನಿಂತಿದ್ದರು. ಮುಂದಿನ ಏಣಿಯಿಂದ ಕಾಲುಗಳು ಇಳಿಯುತ್ತಿದ್ದವು, ಕರಿ ಚೀಲಗಳು ಒಂದೊಂದಾಗಿ ನೆಲಕ್ಕೆ ಬರುತ್ತಿದ್ದವು. ಅದರಲ್ಲೊಂದು ಚೀಲದ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಗಾಳಿಗೆ ತಿರುಗಿದಾಗ ಅಂಚಿನ ಬಿಳಿ ನೂಲು ಕಾಣಿಸಿತಂತೆ. ಅಷ್ಟು ದೂರದಿಂದ ಕಾಣುವುದು ಸಾಧ್ಯವಿಲ್ಲ ಎಂದು ಮೇಸ್ತ್ರಿ ಈಗಲೂ ಹೇಳುತ್ತಾನೆ. ಅವಳು ಪೊರಕೆ ಬಿಸುಟು ಓಡಿದಳು. ಗೆರೆ ದಾಟಿ, ವಿಮಾನದ ಹೊಟ್ಟೆಯ ಕೆಳಗೆ, ಎಣ್ಣೆ ಕೊಳವೆ ಎಡವಿ, ಮತ್ತೆ ಎದ್ದು. "ಚೋಟಿ! ಚೋಟೀ!" ಎಂದು ಕೂಗುತ್ತಾ. ಆ ಹೆಂಗಸಿನ ಬಾಯಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ಯಾರಿಗೆ ಗೊತ್ತಿತ್ತು?

ರಿಬ್ಬನ್ ಕಟ್ಟಿದ್ದ ಹುಡುಗಿ ತಿರುಗಿದಳು. ದುಂಡು ಮುಖ, ಗಿಡ್ಡ ಮೈಕಟ್ಟು. ಚೋಟಿಯಲ್ಲ.

ಕಾವಲಿನವರು ಬಂದು ಇವಳ ರಟ್ಟೆ ಹಿಡಿದಾಗಿತ್ತು. ಆ ಹುಡುಗಿ ನಮ್ಮ ಭಾಷೆಯವಳೇ. "ಇರಿ, ಬಿಡಿ, ಏನೋ ಹೇಳ್ತಿದಾರೆ" ಎಂದು ತಡೆದಳು. ಇವಳು ರಿಬ್ಬನ್ ತೋರಿಸಿ, "ಇದು ನನ್ನ ಮಗಳದು" ಎಂದಳು.

"ಅಯ್ಯೋ, ಇದಾ? ಅಟ್ಟದಲ್ಲಿ ನನ್ನ ಹೊದಿಕೇಲಿ ಸಿಕ್ತು. ಅದನ್ನ ಇಡ್ತಿದ್ದೋರು ನೀವೇನಾ? ಯಾರೋ ಒಳ್ಳೆಯವರು ನನ್ನ ಹಾಗೇ ಮಡಿಸಿ ಇಡ್ತಾರಲ್ಲ ಅಂತ ನಾನೂ ಸೋಪು ಇಟ್ಟೆ."

"ಆ ಮಡಿಕೆ..."

"ನನ್ನ ಜೊತೆ ರೂಮಿನಲ್ಲಿರೋಳು ಕಲಿಸಿದ್ದು. ಅಟ್ಟದ ಹಾಸಿಗೆ ಸಪೂರ ಅಲ್ವಾ, ಹೀಗೆ ಮಡಿಸಿದ್ರೆ ಜಾರಲ್ಲ ಅಂತ. ಅವಳು ಮನೇಲಿ ಕಲಿತಿದ್ದಂತೆ."

"ಉದ್ದಕ್ಕಿದ್ದಾಳಾ?"

"ಹೂಂ, ಉದ್ದ." ಆಗ ಆ ಹುಡುಗಿಗೆ ಅರ್ಥವಾಯಿತು. ಮುಖ ಇಳಿಯಿತು.

"ಅವಳು ಯಾವಾಗ ಬರ್ತಾಳೆ?"

ಹುಡುಗಿ ಬಸ್ಸಿನ ಕಡೆ ನೋಡಿದಳು, ಕಾವಲಿನವರ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅವಳು ಈ ಕಡೆ ಬರಲ್ಲಮ್ಮ. ಬೇಸಿಗೇಲಿ ಇದೇ ವಿಮಾನದಲ್ಲಿ ಬೆಟ್ಟದ ಊರಿಗೆ ಹೋಗ್ತಾಳೆ. ಚಳಿಗಾಲಕ್ಕೆ ಇದನ್ನ ನಿಮ್ಮ ಊರಿಗೆ ಹಾಕ್ತಾರೆ ಅಂತ ಗೊತ್ತಾದ ಕೂಡ್ಲೇ ಕೇಳ್ಕೊಂಡು ದ್ವೀಪಗಳ ಕಡೆ ಹೋಗಿಬಿಡ್ತಾಳೆ. ಹೋದ ವರ್ಷಾನೂ ಹಾಗೇ, ಈ ವರ್ಷಾನೂ ಹಾಗೇ."

"ಅವರಪ್ಪ ಇಲ್ಲ ಅಂತ..."

"ಗೊತ್ತು ಅವಳಿಗೆ."

"ಮತ್ತೆ ಯಾಕೆ?"

"ಅಲ್ಲಿ ನನಗೆ ಯಾರೂ ಇಲ್ಲ ಅಂತಾಳೆ."

ಬಸ್ಸಿನವನು ಹಾರ್ನ್ ಒತ್ತಿದ. ಹುಡುಗಿ ರಿಬ್ಬನ್ ಬಿಚ್ಚಿ ಕೈಗೆ ಕೊಡಲು ಬಂದಳು. ಇವಳು, "ನನಗೆ ಬೇಡ, ಅವಳಿಗೆ ಕೊಡು. ಅವರಮ್ಮ ಹೋಗಿ ಬಾ ಅಂದ್ಲು ಅಂತ ಹೇಳು" ಎಂದಳು. ಕಾವಲಿನವರು ಎಳೆದರು. ಆ ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಿಂತಿರುಗಿ ನೋಡಿದಾಗ, ಯಾರೂ ಅಲ್ಲದ ಆ ಹುಡುಗಿಗೂ, "ಹೋಗಿ ಬಾಮ್ಮ" ಎಂದಳಂತೆ.

ಗೆರೆ ದಾಟಿದ್ದಕ್ಕೆ ಅವಳ ಪಾಸು ಕಿತ್ತುಕೊಂಡರು. ಮೇಸ್ತ್ರಿ ಎಷ್ಟೋ ಹೇಳಿದ, ನಡೆಯಲಿಲ್ಲ. ಮನೆಗೆ ಕರೆತಂದು ಬಿಟ್ಟವನು ಅವನೇ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಾ ಏನಾದರೂ ತಮಾಷೆ ಮಾಡಲು ನೋಡಿದ. ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟ.

ಅಂದಿನಿಂದ ಅವಳು ಕೇಳುತ್ತಿದ್ದದ್ದು ಒಂದೇ. ಸಂಜೆ ನಾನು ಬಾಗಿಲು ದೂಡುವ ಮೊದಲೇ, "ಮೂಟೇಲಿ ಏನಾದ್ರೂ?" ಇಲ್ಲವೆಂದು ನಾನು ತಲೆ ಆಡಿಸುವುದು. ಅವಳು ಲೆಕ್ಕ ಹಾಕಿಕೊಂಡಿದ್ದಳು. ಹುಡುಗಿ ವಾಪಸು ಹೋಗಬೇಕು, ಚೋಟಿ ದ್ವೀಪದಿಂದ ಬರಬೇಕು, ಇಬ್ಬರೂ ಒಂದೇ ದಿನ ರೂಮಿನಲ್ಲಿರಬೇಕು, ಆಮೇಲೆ ತಾನೆ ಉತ್ತರ. "ತಡ ಆಗುತ್ತೆ, ಅಕ್ಕ" ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.

ಚಳಿಗಾಲ ಮುಗಿಯುತ್ತಾ ಬಂತು. ಒಂದು ದಿನ ಮೇಸ್ತ್ರಿ ದೋಬಿಖಾನೆಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ, "ಮುಂದಿನ ವರ್ಷದಿಂದ ದೊಡ್ಡದು ಬರಲ್ವಂತೆ. ಎರಡು ಚಳಿಗಾಲ ನೋಡಿದ್ರಂತೆ, ಸೀಟು ತುಂಬ್ಲಿಲ್ವಂತೆ. ದ್ವೀಪದ ಕಡೆಗೇ ಎರಡೂ ಹಾಕ್ತಾರಂತೆ. ನಮಗೆ ವರ್ಷ ಪೂರ್ತಿ ಸಣ್ಣದು" ಎಂದ. "ಇಸ್ತ್ರಿಯಕ್ಕನಿಗೆ ನೀವೇ ಹೇಳಿ. ನನ್ನ ಕೈಲಿ ಆಗಲ್ಲ." ನನ್ನ ಕೈಲೂ ಆಗಲಿಲ್ಲ.

ದೊಡ್ಡ ವಿಮಾನ ಕೊನೆಯದಾಗಿ ಬಂದ ದಿನ ಮಧ್ಯಾಹ್ನ ಆ ದುಂಡುಮುಖದ ಹುಡುಗಿ ಮೇಸ್ತ್ರಿಯನ್ನು ವಿಚಾರಿಸಿ ನಮ್ಮ ದೋಬಿಖಾನೆಯನ್ನು ಹುಡುಕಿಕೊಂಡು ಬಂದಳು. ಸಮವಸ್ತ್ರದಲ್ಲಿರಲಿಲ್ಲ. ಆವಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, "ಆ ಅಮ್ಮ ಇಲ್ವಾ?" ಎಂದಳು. ನಾನು ಅವಳ ಅಕ್ಕ ಎಂದೆ. ಕೈಚೀಲದಿಂದ ರಿಬ್ಬನ್ ತೆಗೆದು ನನ್ನ ಕೈಯಲ್ಲಿಟ್ಟಳು.

"ಕೊಟ್ಟೆ. ಹೇಳಿದ್ದನ್ನೂ ಹೇಳಿದೆ. ತುಂಬಾ ಹೊತ್ತು ಹಿಡ್ಕೊಂಡು ಕೂತಿದ್ಲು. ಆಮೇಲೆ ವಾಪಸ್ ಕೊಟ್ಬಿಟ್ಲು."

"ಏನಂದ್ಲು?"

"'ಈಗ ಹೇಳೋಕೆ ಯಾರೂ ಅಡ್ಡ ಇಲ್ವಲ್ಲ, ಅದಕ್ಕೆ ಹೇಳ್ತಿದಾಳೆ' ಅಂದ್ಲು." ಹುಡುಗಿಯ ಕಣ್ಣು ತುಂಬಿತು. "ನಾನು ರೂಮು ಬದಲಾಯಿಸ್ತಿದ್ದೀನಿ, ದೊಡ್ಡಮ್ಮ. ನನ್ನ ಹತ್ರ ಇನ್ನು ಏನೂ ಹೇಳಿ ಕಳಿಸ್ಬೇಡಿ."

ದೊಡ್ಡಮ್ಮ ಎಂದಳು. ಆ ಕರೆ ಕೇಳಿ ಎಷ್ಟು ಕಾಲವಾಗಿತ್ತು. ನಾನೂ ಹೋಗಿ ಬಾ ಎಂದು ಕಳಿಸಿದೆ.

ಮನೆಗೆ ಬಂದು ಎಲ್ಲ ಹೇಳಿದೆ, ಒಂದು ಮಾತೂ ಬಿಡದೆ. ಸುಳ್ಳು ಹೇಳಿದರೆ ಅವಳು ಮತ್ತೆ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಮುಂದಿನ ಹಿಮಕ್ಕೆ ಕಾಯುತ್ತಾಳೆ. ವಿಮಾನ ಇನ್ನು ಬರುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಟ್ಟೆ. ಅವಳು ಕೇಳಿಸಿಕೊಂಡಳು. ರಿಬ್ಬನ್ ಅನ್ನು ತೊಡೆಯ ಮೇಲೆ ಇಟ್ಟು ಅಂಗೈಯಿಂದ ನೀವಿ ನೀವಿ ಸುಕ್ಕು ತೆಗೆದಳು.

"ಸರಿಯಾಗೇ ಹೇಳಿದಾಳೆ" ಎಂದಳು.

ಎದ್ದು ಹಲಗೆಯ ಮೇಲಿನ ಸೋಪುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಬಚ್ಚಲಿಗೆ ಹೋದಳು. ಒಂದರ ಕಾಗದ ಹರಿದು ಬಿರಿದ ಕೈಗಳನ್ನು ಚೆನ್ನಾಗಿ ತಿಕ್ಕಿ ತೊಳೆದುಕೊಂಡಳು. "ಬಾ, ಅಕ್ಕ, ನೀನೂ ತೊಳ್ಕೋ. ಸೋಪು ಸೋಪೇ" ಎಂದಳು. ಇಬ್ಬರೂ ಅದನ್ನೇ ಬಳಸಿದೆವು, ಅವು ಮುಗಿಯುವವರೆಗೂ. ಒಳ್ಳೆಯ ಪರಿಮಳ.

ಈಗಲೂ ಪಕ್ಕದ ಕೋಣೆಯಲ್ಲಿದ್ದಾಳೆ. ಬೇಯಿಸುತ್ತಾಳೆ, ಗುಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಸೂರಿನ ಮೇಲೆ ವಿಮಾನ ಹೋದಾಗ ಪಾತ್ರೆಗಳು ಗಡಗಡ ಎನ್ನುತ್ತವೆ, ಅವಳು ಬೀಳುವ ಮುಚ್ಚಳ ಹಿಡಿದುಕೊಳ್ಳುತ್ತಾಳೆ, ತಲೆ ಎತ್ತುವುದಿಲ್ಲ. ಮಗಳ ಮಂಚದಲ್ಲಿ ತಾನೇ ಮಲಗುತ್ತಾಳೆ. ಬೆಳಿಗ್ಗೆ ಎದ್ದು ಹೊದಿಕೆಯನ್ನು ನಾಲ್ಕು ಮಡಿಕೆ ಮಾಡುತ್ತಾಳೆ, ನಮ್ಮ ದೋಬಿಖಾನೆಯಲ್ಲಿ ಮಾಡುವ ಹಾಗೆ. ಗೇಣಗಲದ ಹಲಗೆಯ ಮೇಲೆ ನಾಲ್ಕು ಮಡಿಕೆ ನಿಲ್ಲುವುದಿಲ್ಲ. ನಾನು ಇತ್ತ ಕಡೆ ಕೂತು ಕೇಳುತ್ತಿರುತ್ತೇನೆ. ಅದು ಮೆತ್ತಗೆ ಕೆಳಗೆ ಬೀಳುತ್ತದೆ. ಅವಳು ಎತ್ತಿ, ಕೊಡವಿ, ಮತ್ತೆ ನಾಲ್ಕು ಮಡಿಕೆ ಮಾಡಿ ಇಡುತ್ತಾಳೆ. ಮತ್ತೆ ಬೀಳುತ್ತದೆ.